ಅಟ್ಟದಲ್ಲಿ ಊದಿಕೊಂಡ ಬ್ಯಾಟರಿ: ಆಟದ ಕಾರಿಗೆ ಯಾವುದು ಸರಿ?

ಬದಿಯಡ್ಕ: ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ನಡುವೆ ಮೂರಡಿ ಅಗಲದ ದಾರಿ. ಆ ದಾರಿಯಲ್ಲಿ ಕಾರೊಂದು ಧೂಳೆಬ್ಬಿಸಿಕೊಂಡು ಓಡುತ್ತದೆ. ತುಳಸಿಕಟ್ಟೆಗೆ ಒಂದು ಸುತ್ತು ಹಾಕಿ, ಹಟ್ಟಿಯ ಬಾಗಿಲ ತನಕ ಹೋಗಿ, ಗಕ್ಕನೆ ತಿರುಗಿ ಬರುತ್ತದೆ. ಒಳಗೆ ಚಾಲಕನಿಲ್ಲ. ಅವನು ಜಗಲಿಯಲ್ಲಿ ಕೂತಿದ್ದಾನೆ, ಕೈಯಲ್ಲಿ ರಿಮೋಟ್!

ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಟೇಪ್ ರೆಕಾರ್ಡರ್, ಟಾರ್ಚು, ಅತ್ತರಿನ ಬಾಟಲಿ ಇರುತ್ತಿದ್ದವು. ಈಗ ಮಕ್ಕಳ ಪಟ್ಟಿಯಲ್ಲಿ ರಿಮೋಟ್ ಕಾರು ಸೇರಿಕೊಂಡಿದೆ. ಇದು ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಕಾರಲ್ಲ. ನಿಜವಾದ ಕಾರಿನ ಹತ್ತನೇ ಒಂದು ಅಳತೆಯದ್ದು, ಸ್ಪ್ರಿಂಗು, ಗೇರು, ಡಿಫರೆನ್ಶಿಯಲ್ ಎಲ್ಲ ಇರುವಂಥದ್ದು. ಬಿಚ್ಚಬಹುದು, ಜೋಡಿಸಬಹುದು, ಮುರಿದ ಭಾಗ ತರಿಸಿ ಹಾಕಬಹುದು. ಇದರ ಜೀವ ಇರುವುದು ಮಾತ್ರ ಒಂದು ಸಾಬೂನಿನ ಡಬ್ಬಿಯಷ್ಟು ದೊಡ್ಡ ವಸ್ತುವಿನಲ್ಲಿ. ಅದೇ ಲಿಥಿಯಂ ಪಾಲಿಮರ್ ಬ್ಯಾಟರಿ. ಹುಡುಗರ ಬಾಯಲ್ಲಿ 'ಲಿಪೋ'.

ಕಾರು ಆರಿಸುವಾಗ ಎಲ್ಲರೂ ನಾಲ್ಕು ಜನರಲ್ಲಿ ಕೇಳುತ್ತಾರೆ. ಬ್ಯಾಟರಿ ಆರಿಸುವಾಗ ಯಾರೂ ಕೇಳುವುದಿಲ್ಲ. ಎಡವಟ್ಟಾಗುವುದು ಅಲ್ಲೇ.

ಅಜ್ಜಿಯ ಮಂಚದ ಮೇಲೆ...

ಬದಿಯಡ್ಕ ಸಮೀಪದ ಕೃಷಿಕರ ಮನೆಯೊಂದರಲ್ಲಿ ಆದದ್ದು ಇದು. ಒಂಬತ್ತನೇ ತರಗತಿ ಮುಗಿಸಿದ ಹುಡುಗನಿಗೆ ಅಬುಧಾಬಿಯಲ್ಲಿರುವ ಮಾವ 2025ರ ಏಪ್ರಿಲ್‌ನಲ್ಲಿ ಕಾರು ತಂದುಕೊಟ್ಟರು. ರಜೆಯ ಒಂದೂವರೆ ತಿಂಗಳು ಅಂಗಳದಲ್ಲಿ ಅದರದ್ದೇ ಸದ್ದು. ಆ ವರ್ಷ ಮುಂಗಾರು ಬೇಗ ಬಂತು. ಮೇ 24ಕ್ಕೇ ಕೇರಳ ತಲುಪಿತು. ಹುಡುಗ ಹಿಂದಿನ ಸಂಜೆಯಷ್ಟೇ 'ನಾಳೆ ಆಡುವ' ಎಂದು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟಿದ್ದ. ಬೆಳಗಾದರೆ ಧೋ ಎಂದು ಮಳೆ. ಮರುದಿನವೂ ಮಳೆ. ಕಾರನ್ನೂ ಬ್ಯಾಟರಿಯನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಅಟ್ಟಕ್ಕೆ ಏರಿಸಿದರು. ಶಾಲೆ ಶುರುವಾಯಿತು, ಕಾರು ಮರೆತುಹೋಯಿತು.

ಓಣಂ ರಜೆಯಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಚಪ್ಪಟೆಯಾಗಿದ್ದ ಬ್ಯಾಟರಿ ಹೊಟ್ಟೆಯುಬ್ಬರಿಸಿಕೊಂಡು ಕೂತಿತ್ತು. ಹೊರಗಿನ ಗಟ್ಟಿ ಕವಚ ಜೋಡಣೆಯಲ್ಲೇ ಬಿಟ್ಟುಕೊಂಡಿತ್ತು. ಹುಡುಗನಿಗೆ ಕಾರು ಓಡುವುದಿಲ್ಲವಲ್ಲ ಎಂಬ ಬೇಸರ. ಅಪ್ಪನಿಗೆ ಬೇರೆಯದೇ ಚಿಂತೆ. ಪೆಟ್ಟಿಗೆ ಇದ್ದದ್ದು ಹಲಗೆಯ ಅಟ್ಟದಲ್ಲಿ, ಸುಲಿಯದ ಅಡಿಕೆಯ ಗೋಣಿಗಳ ಪಕ್ಕ. ಅದರ ನೇರ ಕೆಳಗೆ ಅಜ್ಜಿಯ ಮಂಚ.

ಬದಿಯಡ್ಕ ಪೇಟೆಯಲ್ಲಿ ಮೊಬೈಲು, ಎಮರ್ಜೆನ್ಸಿ ಲ್ಯಾಂಪು, ಮದುವೆಮನೆಯ ಡ್ರೋನ್ ಕ್ಯಾಮರಾ ಎಲ್ಲವನ್ನೂ ರಿಪೇರಿ ಮಾಡುವ ಒಬ್ಬರಿದ್ದಾರೆ. ಅಪ್ಪ, ಮಗ ಬ್ಯಾಟರಿಯನ್ನು ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಅಲ್ಲಿಗೆ ಒಯ್ದರು.

'ಅಣ್ಣಾ, ಇದಕ್ಕೆ ಒಂದು ಸೂಜಿ ಚುಚ್ಚಿ ಗಾಳಿ ತೆಗೆದ್ರೆ ಸರಿಯಾಗ್ಲಿಕ್ಕಿಲ್ವಾ?' ಎಂದು ಹುಡುಗ ಕೇಳಿದ.

'ಮುಟ್ಲಿಕ್ಕೇ ಹೋಗ್ಬೇಡ ಮಾರಾಯ. ಅದು ಸತ್ತಿತು ಅಂತ ಲೆಕ್ಕ. ಸುಮ್ಮನೆ ಸತ್ತದ್ದು ನಿಮ್ಮ ಪುಣ್ಯ,' ಎಂದರು ಅವರು.

ಊದುವುದು ಯಾಕೆ?

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆ ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಇದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಲಿಪೋ ಅದೇ ಕುಟುಂಬದ್ದು. ವ್ಯತ್ಯಾಸ ಏನೆಂದರೆ, ಇದರ ಸೆಲ್ಲಿಗೆ ಲೋಹದ ಡಬ್ಬಿ ಇಲ್ಲ. ತೆಳು ಅಲ್ಯೂಮಿನಿಯಂ ಹಾಳೆಯ ಚೀಲವೇ ಅದರ ಮೈ. ಅದಕ್ಕೇ ಹಗುರ. ಅದಕ್ಕೇ ನಾಜೂಕು ಕೂಡ.

ಪೂರ್ತಿ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ, ಅದೂ ಹಂಚಿನ ಮಾಡಿನ ಕೆಳಗಿನ ಸೆಕೆಯಲ್ಲಿ, ಒಳಗಿನ ದ್ರಾವಣ ನಿಧಾನವಾಗಿ ಒಡೆದು ಅನಿಲವಾಗುತ್ತದೆ. ಚೀಲ ಉಬ್ಬುತ್ತದೆ. ಹೆಚ್ಚು ಚಾರ್ಜ್ ಮಾಡಿದರೂ, ತೀರಾ ಬರಿದು ಮಾಡಿದರೂ, ಪೆಟ್ಟು ಬಿದ್ದರೂ ಹೀಗಾಗಬಹುದು. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ, ನೋಡನೋಡುತ್ತಲೇ ಬೆಂಕಿ. ಆ ಹೊಗೆಯೂ ವಿಷ.

ಹಾಗಾದರೆ ಹೊಸ ಬ್ಯಾಟರಿ ಯಾವುದು? ಹುಡುಗ ಅದಾಗಲೇ ನಿರ್ಧರಿಸಿ ಆಗಿತ್ತು: 'ತ್ರೀ ಎಸ್' ಬೇಕು, 'ನೂರು ಸಿ' ಬೇಕು. ಮಾವನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ರಿಪೇರಿಯವರು ಕಾರನ್ನು ತರಿಸಿ ಮಗುಚಿ ಹಾಕಿ ನೋಡಿದರು. ಮುಂದಿನ ಅರ್ಧ ಗಂಟೆ ಅಂಗಡಿಯಲ್ಲಿ ನಡೆದದ್ದು ಪಾಠವೇ ಸರಿ.

ಮೊದಲು 'ಎಸ್' ನೋಡಿ

ಲಿಪೋದ ಒಂದು ಸೆಲ್ಲಿಗೆ 3.7 ವೋಲ್ಟ್ ಎಂದು ಲೆಕ್ಕ. ಪೂರ್ತಿ ತುಂಬಿದಾಗ 4.2 ವೋಲ್ಟ್. ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿದಾಗ ವೋಲ್ಟ್ ಕೂಡುತ್ತ ಹೋಗುತ್ತದೆ. ಎರಡು ಸೆಲ್ ಇದ್ದರೆ 2ಎಸ್, ಅಂದರೆ 7.4 ವೋಲ್ಟ್, ತುಂಬಿದಾಗ 8.4. ಮೂರಿದ್ದರೆ 3ಎಸ್, 11.1 ವೋಲ್ಟ್, ತುಂಬಿದಾಗ 12.6.

ವೋಲ್ಟ್ ಹೆಚ್ಚಿದರೆ ವೇಗ ಹೆಚ್ಚುತ್ತದೆ, ನಿಜ. ಬ್ರಷ್ ಇಲ್ಲದ ಮೋಟಾರಿನ ಮೇಲೆ 3300 ಕೆವಿ ಎಂದು ಬರೆದಿದ್ದರೆ, ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು ಎಂದರ್ಥ. ತುಂಬಿದ 2ಎಸ್‌ನಲ್ಲಿ ಅದು ಸುಮಾರು 27,700 ಸುತ್ತು. 3ಎಸ್‌ನಲ್ಲಿ 41,500ಕ್ಕೂ ಹೆಚ್ಚು. ಇವು ಭಾರವಿಲ್ಲದಾಗಿನ ಲೆಕ್ಕ. ಆದರೂ ಗೇರಿನ ಹಲ್ಲು, ಬೇರಿಂಗು, ಟಯರು ಎಲ್ಲ ಒಂದೂವರೆ ಪಟ್ಟು ಹೊಡೆತ ತಿನ್ನಬೇಕು.

ಅದಕ್ಕಿಂತ ಮುಖ್ಯ, ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತಿರುವ ವೇಗ ನಿಯಂತ್ರಕ. ಹುಡುಗರು ಇದನ್ನು 'ಇಎಸ್‌ಸಿ' ಎನ್ನುತ್ತಾರೆ. ಎಷ್ಟು ಎಸ್ ತಾಳುತ್ತದೆ ಎಂದು ಅದರ ಮೇಲೋ, ಕೈಪಿಡಿಯಲ್ಲೋ ಬರೆದೇ ಇರುತ್ತದೆ. ಬದಿಯಡ್ಕದ ಹುಡುಗನ ಕಾರಿನಲ್ಲಿ ಇದ್ದದ್ದು '2ಎಸ್ ಮಾತ್ರ, 60 ಆಂಪಿಯರ್'. ಅಂದರೆ 3ಎಸ್ ತಂದಿದ್ದರೆ ಮೊದಲ ದಿನವೇ ನಿಯಂತ್ರಕ ಸುಟ್ಟು ಹೋಗುವ ಸಾಧ್ಯತೆ. ಮಾವನಿಗೆ ಆ ರಾತ್ರಿಯೇ ಇನ್ನೊಂದು ಫೋನು ಹೋಯಿತು.

ಪೆಟ್ಟಿಗೆಯ ಮೇಲೆ 'ಎಚ್‌ವಿ' ಎಂದು ಬರೆದ ಲಿಪೋಗಳೂ ಇವೆ. ಇವನ್ನು ಸೆಲ್ಲಿಗೆ 4.35 ವೋಲ್ಟ್ ತನಕ ತುಂಬಬಹುದು. ಹೊಸಬರಿಗೆ ಇದರ ಗೊಡವೆ ಬೇಡ. ಸಾಮಾನ್ಯ ಲಿಪೋವನ್ನು ಅಪ್ಪಿತಪ್ಪಿ ಎಚ್‌ವಿ ಎಂದು ಚಾರ್ಜ್ ಮಾಡಿದರೆ ಅಪಾಯ.

ಎಂಎಎಚ್ ಅಂದ್ರೆ ಟಾಂಕಿ

'ವೋಲ್ಟ್ ಅಂದ್ರೆ ಟಾಂಕಿ ಎಷ್ಟು ಎತ್ತರದಲ್ಲಿದೆ ಅಂತ. ಎಂಎಎಚ್ ಅಂದ್ರೆ ಟಾಂಕಿಯಲ್ಲಿ ನೀರು ಎಷ್ಟು ಹಿಡಿಯುತ್ತೆ ಅಂತ,' ಎಂಬುದು ರಿಪೇರಿಯವರ ವಿವರಣೆ. ತೋಟಕ್ಕೆ ನೀರು ಬಿಡುವ ಮನೆಯ ಹುಡುಗನಿಗೆ ಅದು ತಕ್ಷಣ ಹೊಳೆಯಿತು.

5000 ಎಂಎಎಚ್ ಎಂದರೆ 5 ಆಂಪಿಯರಿನಂತೆ ಒಂದು ಗಂಟೆ ಕೊಡಬಲ್ಲದು. ಕಾರು ಓಡುವಾಗ ಸರಾಸರಿ 12 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಲಿಪೋವನ್ನು ಬರಿದು ಮಾಡಬಾರದು, ನೂರರಲ್ಲಿ ಎಂಬತ್ತು ಪಾಲು ಮಾತ್ರ ಬಳಸಬೇಕು. ಹಾಗಾಗಿ ಸಿಗುವುದು 4000 ಎಂಎಎಚ್. ಅದು ಸುಮಾರು 20 ನಿಮಿಷಕ್ಕೆ ಸಾಕು.

ಹಾಗೆಂದು 8000, 10000 ಎಂದು ಏರಿಸುತ್ತ ಹೋಗಬೇಕಾಗಿಲ್ಲ. ತೂಕ ಏರುತ್ತದೆ, ಕಾರು ತಿರುವಿನಲ್ಲಿ ಭಾರವಾಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಒಂದು ದೊಡ್ಡದರ ಬದಲು ಮಧ್ಯಮ ಗಾತ್ರದ ಎರಡು ಇದ್ದರೆ ಒಳ್ಳೆಯದು. ಒಂದು ಮುಗಿದಾಗ ಮೋಟಾರು ಹತ್ತು ನಿಮಿಷ ತಣಿಯಲಿ, ಆಮೇಲೆ ಇನ್ನೊಂದು. ಸಣ್ಣ ಕಾರುಗಳಿಗೆ ಟಾಂಕಿಯೂ ಸಣ್ಣದು. ಹದಿನಾಲ್ಕನೇ ಒಂದು ಅಳತೆಯ ಡಬ್ಲ್ಯುಎಲ್ ಟಾಯ್ಸ್ 144001 ಕಾರಿನ ಜೊತೆ ಬರುವುದು 7.4 ವೋಲ್ಟಿನ 1500 ಎಂಎಎಚ್ ಬ್ಯಾಟರಿ. ಅದರಲ್ಲಿ 5000ದ್ದು ಹಿಡಿಯುವುದೇ ಇಲ್ಲ.

'ಸಿ' ಎಂಬ ಮಾಯೆ

ಲೇಬಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮುದ್ರಿಸುವುದು ಇದನ್ನೇ. 30ಸಿ, 50ಸಿ, 100ಸಿ... ಟಾಂಕಿಯ ನಳ್ಳಿ ಎಷ್ಟು ಅಗಲ ಎಂದು ಹೇಳುವ ಸಂಖ್ಯೆ ಇದು. ಲೆಕ್ಕ ಸುಲಭ. 5000 ಎಂಎಎಚ್ ಎಂದರೆ 5 ಆಂಪಿಯರ್-ಗಂಟೆ. ಅದನ್ನು ಸಿ ಸಂಖ್ಯೆಯಿಂದ ಗುಣಿಸಬೇಕು. 50ಸಿ ಆದರೆ 250 ಆಂಪಿಯರ್. 100ಸಿ ಆದರೆ 500 ಆಂಪಿಯರ್!

ಕಾಗದದ ಮೇಲೆ ಸರಿ. ಆದರೆ ಬ್ಯಾಟರಿಯಿಂದ ಹೊರಬರುವ ಆ ಸಪೂರ ವಯರು 500 ಆಂಪಿಯರನ್ನು ಸತತವಾಗಿ ತಾಳಿಕೊಳ್ಳುವುದುಂಟೇ? ಮಾರಾಟಕ್ಕಾಗಿ ಈ ಸಂಖ್ಯೆಯನ್ನು ಉಬ್ಬಿಸುವುದು ಈ ವ್ಯಾಪಾರದಲ್ಲಿ ಹೊಸತಲ್ಲ. ಅನುಭವಿಗಳು ಬರೆದದ್ದರ ಅರ್ಧವನ್ನಷ್ಟೇ ನಂಬುತ್ತಾರೆ.

ಆ ಅರ್ಧದ ಲೆಕ್ಕದಲ್ಲೂ ಹುಡುಗನ ಕಾರಿಗೆ ಸಮಸ್ಯೆ ಇರಲಿಲ್ಲ. ನಿಯಂತ್ರಕ ಸತತವಾಗಿ ಎಳೆಯುವುದು ಹೆಚ್ಚೆಂದರೆ 60 ಆಂಪಿಯರ್. 5000 ಎಂಎಎಚ್‌ನ 30ಸಿ ಬ್ಯಾಟರಿ ಕೊಡುತ್ತೇನೆ ಎನ್ನುವುದು 150. ಅರ್ಧ ಮಾಡಿದರೂ 75. ಸಾಕಲ್ಲ? ಕಾರು ಹೊರಡುವಾಗಿನ ಕ್ಷಣದ ಎಳೆತಕ್ಕೂ ಸೇರಿಸಿ 40ರಿಂದ 50ಸಿ ತೆಗೆದುಕೊಂಡರೆ ಧಾರಾಳ. ನೂರು ಸಿ ಎಂಬ ಮೂರಂಕಿಗೆ ಹೆಚ್ಚು ದುಡ್ಡು ಕೊಟ್ಟರೂ ಅಂಗಳದಲ್ಲಿ ಅದರ ವ್ಯತ್ಯಾಸ ಕಾಣದು.

ಸಿ ಕಡಿಮೆಯಾದರೆ ಹೇಗೆ ಗೊತ್ತಾಗುತ್ತದೆ? ಓಡಿಸಿ ತೆಗೆದಾಗ ಬ್ಯಾಟರಿ ಕೈಗೆ ಉಗುರುಬೆಚ್ಚಗೆ ಇದ್ದರೆ ಚಿಂತೆ ಇಲ್ಲ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಅದರ ಮೇಲೆ ಮಿತಿಮೀರಿದ ಭಾರ ಬೀಳುತ್ತಿದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೆಲ್ಲಿನ ಆಯುಸ್ಸು ಕಳೆದ ಹಾಗೆ. ಕಾಸರಗೋಡಿನ ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಮದುವೆಗೆ ಹೋಗುವ ಅಭ್ಯಾಸ ಅದಕ್ಕೇ ಬೇಡ.

ಅಳತೆ, ಕವಚ, ಪ್ಲಗ್ಗು

ಸಂಖ್ಯೆಗಳೆಲ್ಲ ಸರಿಯಾಗಿ, ತರಿಸಿದ ಬ್ಯಾಟರಿ ಕಾರಿನಲ್ಲಿ ಕೂರದೇ ಹೋದ ಕತೆ ಬೇಕಾದಷ್ಟಿದೆ. ಹತ್ತನೇ ಒಂದು ಅಳತೆಯ ಕಾರುಗಳ 2ಎಸ್ ಬ್ಯಾಟರಿ ಸಾಮಾನ್ಯವಾಗಿ 138 ಮಿಲಿಮೀಟರ್ ಉದ್ದ, 46-47 ಅಗಲ, 25 ಎತ್ತರದ ಆಸುಪಾಸಿನಲ್ಲಿರುತ್ತದೆ. ಆದರೂ ಕಾರಿನ ಗೂಡನ್ನು ಸ್ಕೇಲು ಹಿಡಿದು ಅಳೆಯಲೇಬೇಕು. ವಯರು ಯಾವ ತುದಿಯಿಂದ ಹೊರಬರುತ್ತದೆ ಎಂಬುದನ್ನೂ ನೋಡಬೇಕು.

ವಿಮಾನ, ಡ್ರೋನುಗಳಿಗೆ ಮೆತ್ತನೆಯ ಹೊದಿಕೆಯ ಬ್ಯಾಟರಿ ನಡೆಯುತ್ತದೆ, ಅಲ್ಲಿ ತೂಕದ್ದೇ ಲೆಕ್ಕ. ನೆಲದ ಮೇಲೆ ಓಡಿ, ಕಲ್ಲಿಗೆ ಬಡಿದು, ಪಲ್ಟಿ ಹೊಡೆಯುವ ಕಾರಿಗೆ ಗಟ್ಟಿ ಪ್ಲಾಸ್ಟಿಕ್ ಕವಚದ್ದೇ ಆಗಬೇಕು. ಒಂದು ಮಾತು: ಗಟ್ಟಿ ಕವಚದೊಳಗೆ ಊದಿದ್ದು ಬೇಗ ಕಾಣುವುದಿಲ್ಲ. ಗೂಡಿನೊಳಗೆ ಸಲೀಸಾಗಿ ಕೂರುತ್ತಿದ್ದದ್ದು ಬಿಗಿಯಾದರೆ, ಜೋಡಣೆಯಲ್ಲಿ ಬಿರುಕು ಕಂಡರೆ ಅನುಮಾನಿಸಬೇಕು.

ಪ್ಲಗ್ಗುಗಳದ್ದು ಇನ್ನೊಂದು ಲೋಕ. ಟಿ-ಪ್ಲಗ್, ಎಕ್ಸ್‌ಟಿ60, ಇಸಿ5, ಟ್ರಾಕ್ಸಸ್‌ನದ್ದೇ ಬೇರೆ. ಕಾರಿನಲ್ಲಿ ಇರುವಂಥದ್ದೇ ಕೇಳಿ ತರಿಸಿದರೆ ತಲೆನೋವಿಲ್ಲ. ಹಳೆಯ ಕಾರುಗಳ ಬಿಳಿ ಟಾಮಿಯಾ ಪ್ಲಗ್ಗು ಹೆಚ್ಚು ಕರೆಂಟಿಗೆ ಕರಗುವುದುಂಟು. ಬ್ಯಾಟರಿಯ ಎರಡೂ ವಯರನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಬಾಯಲ್ಲೇ ಶಾರ್ಟ್. ಪ್ಲಗ್ಗು ಬದಲಿಸುವ ಕೆಲಸ ಬೆಸುಗೆ ಬಲ್ಲವರಿಗೇ ಬಿಡಿ.

ಹಳೆ ಕಾರಿಗೆ ಲಿಪೋ ಹಾಕುವವರು

ಹತ್ತು ಹದಿನೈದು ವರ್ಷದ ಹಿಂದೆ ತಂದ ಕಾರುಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಅವುಗಳಲ್ಲಿ ಇರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ತಲಾ 1.2 ವೋಲ್ಟಿನ ಆರು ಸೆಲ್, ಒಟ್ಟು 7.2 ವೋಲ್ಟ್. 2ಎಸ್ ಲಿಪೋ 7.4. ಹತ್ತಿರ ಹತ್ತಿರ ಒಂದೇ. ಹಾಗಾಗಿ ಬದಲಿಸಿದರೆ ಓಡುತ್ತದೆ. ಆದರೆ ಒಂದು ಗುಟ್ಟಿದೆ.

ನಿಕಲ್ ಬ್ಯಾಟರಿಯನ್ನು ಕಾರು ನಿಲ್ಲುವ ತನಕ ಓಡಿಸಿದರೂ ಸಹಿಸಿಕೊಳ್ಳುತ್ತದೆ. ಲಿಪೋ ಸಹಿಸದು. ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗಿಳಿದರೆ ಅದು ಕೆಡುತ್ತದೆ. 3.3-3.4ರಲ್ಲೇ ನಿಲ್ಲಿಸುವುದು ಜಾಣತನ. ಹೊಸ ನಿಯಂತ್ರಕಗಳು ಇದನ್ನು ತಾವೇ ನೋಡಿಕೊಂಡು ಕಾರನ್ನು ನಿಧಾನಗೊಳಿಸುತ್ತವೆ, ಆದರೆ ಅವನ್ನು ಲಿಪೋ ಕ್ರಮಕ್ಕೆ ಇಟ್ಟಿರಬೇಕು. ಉದಾಹರಣೆಗೆ ಟ್ರಾಕ್ಸಸ್‌ನ ಎಕ್ಸ್‌ಎಲ್-5 ನಿಯಂತ್ರಕದಲ್ಲಿ ದೀಪ ಹಸಿರು ಇದ್ದರೆ ಈ ಕಾವಲು ಎಚ್ಚರವಾಗಿದೆ, ಕೆಂಪು ಇದ್ದರೆ ಮಲಗಿದೆ. ಈ ಸೌಲಭ್ಯವೇ ಇಲ್ಲದ ಹಳೆಯ ಕಾರಿಗೆ ಲಿಪೋ ಹಾಕುವುದಾದರೆ, ಬ್ಯಾಟರಿಯ ಸಣ್ಣ ಬಿಳಿ ಪ್ಲಗ್ಗಿಗೆ ಚುಚ್ಚುವ ಬೆರಳುದ್ದದ ಅಲಾರಂ ಸಿಗುತ್ತದೆ. ವೋಲ್ಟ್ ಇಳಿದಾಗ ಕೀ... ಎಂದು ಕಿರುಚುತ್ತದೆ. ಕೇಳಿದ ಕೂಡಲೇ ಆಟ ನಿಲ್ಲಿಸಬೇಕು.

ಚಾರ್ಜರಿಗೆ ಜಿಪುಣತನ ಬೇಡ

ಬ್ಯಾಟರಿಗೆ ಕೊಟ್ಟಷ್ಟೇ ಗಮನ ಚಾರ್ಜರಿಗೂ ಬೇಕು. ಲಿಪೋದಿಂದ ದಪ್ಪ ವಯರು ಎರಡು, ಸಪೂರ ವಯರಿನ ಬಿಳಿ ಪ್ಲಗ್ಗು ಒಂದು ಹೊರಬರುತ್ತವೆ. 2ಎಸ್‌ಗೆ ಅದರಲ್ಲಿ ಮೂರು ವಯರು, 3ಎಸ್‌ಗೆ ನಾಲ್ಕು. ಒಂದೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ನೋಡಿ ಸಮಮಾಡುವ ದಾರಿ ಅದು. ಇದನ್ನು ಜೋಡಿಸದೆ ಚಾರ್ಜ್ ಮಾಡಿದರೆ ಒಂದು ಸೆಲ್ 4.1ರಲ್ಲಿ, ಇನ್ನೊಂದು 4.3ರಲ್ಲಿ ನಿಂತೀತು. ಒಟ್ಟು ಮಾತ್ರ 8.4 ಎಂದೇ ತೋರಿಸೀತು!

ಎಷ್ಟು ಆಂಪಿಯರಿನಲ್ಲಿ ತುಂಬಬೇಕು? ಕಂಪನಿ ಬೇರೆ ಹೇಳದಿದ್ದರೆ 1ಸಿ. 5000 ಎಂಎಎಚ್‌ಗೆ 5 ಆಂಪಿಯರ್, 1500ಕ್ಕೆ ಒಂದೂವರೆ. 50 ವಾಟಿನ ಚಾರ್ಜರು 2ಎಸ್‌ಗೆ 5 ಆಂಪಿಯರ್ ಕೊಡಬಲ್ಲದು, ಏಕೆಂದರೆ 8.4ನ್ನು 5ರಿಂದ ಗುಣಿಸಿದರೆ 42 ವಾಟ್. ವಾಟ್ ಎಂದರೆ ವೋಲ್ಟ್ ಗುಣಿಸು ಆಂಪಿಯರ್ ಎಂದು ಕನ್ನಡ ಮಾಧ್ಯಮದ ಭೌತಶಾಸ್ತ್ರ ಪುಸ್ತಕದಲ್ಲಿ ಹುಡುಗ ಓದಿದ್ದ. ಅದು ಇಲ್ಲಿ ಉಪಯೋಗಕ್ಕೆ ಬಂತು! 800 ಮಿಲಿ ಆಂಪಿಯರಿನ ಸಣ್ಣ ಚಾರ್ಜರಾದರೆ 5000ದ ಬ್ಯಾಟರಿಗೆ ಆರು ಗಂಟೆ ದಾಟುತ್ತದೆ. ಆಗಲೇ 'ರಾತ್ರಿ ಚುಚ್ಚಿಟ್ಟು ಮಲಗುವ' ಆಸೆ ಹುಟ್ಟುವುದು.

ಅದನ್ನು ಮಾತ್ರ ಮಾಡಬಾರದು. ಯಾರೂ ಇಲ್ಲದಾಗ, ಎಲ್ಲರೂ ಮಲಗಿದಾಗ ಲಿಪೋ ಚಾರ್ಜಿಗೆ ಇಡಬಾರದು. ಹಾಸಿಗೆ, ಅಡಿಕೆ ಗೋಣಿ, ಕಾಗದದ ಕಟ್ಟು ಹತ್ತಿರ ಇರಬಾರದು. ಸಿಮೆಂಟಿನ ನೆಲವೋ ಹಂಚಿನ ಬಿಲ್ಲೆಯೋ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಚಾರ್ಜರನ್ನು ನಿಕಲ್ ಕ್ರಮದಲ್ಲಿಟ್ಟು ಲಿಪೋ ಜೋಡಿಸಿದರೆ ಅದಕ್ಕೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ, ತುಂಬುತ್ತಲೇ ಹೋಗುತ್ತದೆ. ಬೆಂಕಿ ಅವಘಡಗಳಿಗೆ ಇದೂ ಒಂದು ಕಾರಣ. ಅಕಸ್ಮಾತ್ ಬೆಂಕಿ ಕಂಡರೆ ಮೊದಲು ಕರೆಂಟು ತೆಗೆಯಬೇಕು, ಮಕ್ಕಳನ್ನು ಹೊರಗೆ ಕಳಿಸಬೇಕು, ಹೊಗೆ ಕುಡಿಯಬಾರದು, 101ಕ್ಕೆ ಫೋನು ಮಾಡಬೇಕು.

ವಿಮಾನದಲ್ಲಿ ತರುವ ಮಾವಂದಿರಿಗೆ

ಕಣ್ಣೂರಿಗೋ ಮಂಗಳೂರಿಗೋ ಇಳಿಯುವವರು ತಿಳಿದಿರಲೇಬೇಕಾದ ವಿಷಯವಿದು. ಬಿಡಿ ಲಿಥಿಯಂ ಬ್ಯಾಟರಿಯನ್ನು ತೂಕಕ್ಕೆ ಹಾಕುವ ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಕೈಚೀಲದಲ್ಲೇ ತರಬೇಕು. ಮಿತಿ ಇರುವುದು ವಾಟ್-ಗಂಟೆಯಲ್ಲಿ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದು ಸಿಗುತ್ತದೆ. 7.4 ವೋಲ್ಟಿನ 5000 ಎಂಎಎಚ್ ಆದರೆ 37 ವಾಟ್-ಗಂಟೆ. 11.1 ವೋಲ್ಟಿನದ್ದಾದರೆ 55.5. ಸಾಮಾನ್ಯ ಮಿತಿ 100 ವಾಟ್-ಗಂಟೆ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಪ್ಲಗ್ಗಿನ ಬಾಯಿಗೆ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ಅರ್ಧದಷ್ಟೇ ಚಾರ್ಜ್ ಇಟ್ಟು ತರುವುದು ಕ್ಷೇಮ. ಲೇಬಲ್ಲು ಕಿತ್ತುಹೋಗಿದ್ದರೆ ಭದ್ರತೆಯವರು ತೆಗೆದಿಡಬಹುದು. ಕೆಲವು ಕಂಪನಿಗಳ ನಿಯಮ ಇದಕ್ಕಿಂತ ಬಿಗಿಯಾಗಿರುವುದರಿಂದ ಟಿಕೆಟ್ ತೆಗೆದವರಲ್ಲೇ ಮೊದಲು ಕೇಳಿಕೊಳ್ಳಬೇಕು.

ಮಳೆಗಾಲಕ್ಕೆ ಮದ್ದು

ಬೇರೆ ಊರಿನವರಿಗೆ ಅಷ್ಟಾಗಿ ಕಾಡದ ಪ್ರಶ್ನೆ ನಮ್ಮ ಕಡೆಯದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರು ಹೊರಗಿಳಿಯುವುದಿಲ್ಲ. ಅಷ್ಟು ದಿನ ಬ್ಯಾಟರಿಯನ್ನು ಏನು ಮಾಡುವುದು?

ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ, ಅಂದರೆ 2ಎಸ್‌ಗೆ 7.6ರಲ್ಲಿ ನಿಲ್ಲಿಸಬೇಕು. ಒಳ್ಳೆಯ ಚಾರ್ಜರುಗಳಲ್ಲಿ 'ಸ್ಟೋರೇಜ್' ಎಂಬ ಆಯ್ಕೆಯೇ ಇದೆ. ಅದನ್ನು ಒತ್ತಿದರೆ ಹೆಚ್ಚಿದ್ದರೆ ಇಳಿಸುತ್ತದೆ, ಕಡಿಮೆಯಿದ್ದರೆ ಏರಿಸುತ್ತದೆ. ಕಾರಿನಿಂದ ಬ್ಯಾಟರಿ ಬಿಚ್ಚಿಡುವುದನ್ನೂ ಮರೆಯಬಾರದು. ಸ್ವಿಚ್ ಆಫ್ ಇದ್ದರೂ ಕೆಲವು ನಿಯಂತ್ರಕಗಳು ಹನಿಹನಿಯಾಗಿ ಕರೆಂಟು ಹೀರುತ್ತವೆ. ತಿಂಗಳಿಗೊಮ್ಮೆ ತೆಗೆದು ಊದಿದೆಯೇ ಎಂದು ನೋಡಿ, ಮೀಟರು ಇಟ್ಟು ವೋಲ್ಟ್ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಎಲ್ಲಿ ಇಡುವುದು? ಅಟ್ಟ ಬೇಡ, ಒಲೆಯ ಪಕ್ಕ ಬೇಡ, ಮಲಗುವ ಕೋಣೆಯಂತೂ ಬೇಡವೇ ಬೇಡ. ದಪ್ಪ ಮಣ್ಣಿನ ಮಡಕೆಯಲ್ಲಿ ಅರ್ಧ ಒಣ ಮರಳು ಹಾಕಿ ಅದರ ಮೇಲಿಟ್ಟರೆ ಆಯಿತು. ಮುಚ್ಚಳ ಸಡಿಲವಾಗಿರಬೇಕು. ಬಾಯಿ ಬಿಗಿದ ಡಬ್ಬಿಯಲ್ಲಿ ಅನಿಲ ತುಂಬಿದರೆ ಅದೇ ಬಾಂಬು.

ಸತ್ತದ್ದನ್ನು ಎಸೆಯುವುದೆಲ್ಲಿ?

ತೋಟದ ಮೂಲೆಗೆ, ತೋಡಿಗೆ, ಕಸ ಸುಡುವ ಗುಂಡಿಗೆ... ಮೂರೂ ತಪ್ಪು. ಬ್ಯಾಟರಿ ತ್ಯಾಜ್ಯ ನಿರ್ವಹಣೆಗೆ ಕೇಂದ್ರ ಸರಕಾರ 2022ರಲ್ಲಿ ಹೊಸ ನಿಯಮ ತಂದಿದೆ. ಲಿಥಿಯಂ ಬ್ಯಾಟರಿಯೂ ಅದರಡಿ ಬರುತ್ತದೆ, ಮರಳಿ ಸಂಗ್ರಹಿಸುವ ಹೊಣೆ ತಯಾರಕರದ್ದು. ಮನೆ ಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿ ಕೊಟ್ಟುಬಿಡುವುದು ಮಾತ್ರ ದ್ರೋಹ. ಗಾಡಿಯಲ್ಲಿ ಅದುಮಿದಾಗ ಹೊತ್ತಿಕೊಂಡರೆ ಸುಡುವುದು ಅವರ ಕೈ. ಇದು ಬ್ಯಾಟರಿ ಎಂದು ಹೇಳಿ, ಇ-ತ್ಯಾಜ್ಯ ತೆಗೆದುಕೊಳ್ಳುವುದು ಯಾವಾಗ ಎಂದು ಕೇಳಿ, ಬೇರೆಯಾಗಿಯೇ ಕೊಡಬೇಕು.

ಊದಿದ ಆ ಬ್ಯಾಟರಿಯನ್ನು ರಿಪೇರಿಯವರು ಅಂಗಡಿಯ ಹಿಂದಿನ ಬಯಲಿಗೆ ಒಯ್ದು, ವಾಹನದ 12 ವೋಲ್ಟಿನ ಬಲ್ಬೊಂದನ್ನು ಜೋಡಿಸಿ ದೂರ ನಿಂತರು. ಬಲ್ಬು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಉರಿಯಿತು. 'ನೋಡು, ಇಷ್ಟು ಶಕ್ತಿ ನಿನ್ನ ಅಜ್ಜಿಯ ತಲೆಯ ಮೇಲೆ ಇತ್ತು,' ಎಂದರು. ಹುಡುಗ ಮಾತಾಡಲಿಲ್ಲ. ಇದು ಬಲ್ಲವರು ಮಾಡುವ ಕೆಲಸ, ಮನೆಯಲ್ಲಿ ಮಕ್ಕಳು ಮಾಡುವಂಥದ್ದಲ್ಲ.

ಮಡಕೆಯೊಳಗೆ ಹೊಸ ಬ್ಯಾಟರಿ

ಡಿಸೆಂಬರ್‌ನಲ್ಲಿ ಮಾವ ಬಂದರು. ಕೈಚೀಲದಲ್ಲಿ 2ಎಸ್, 5000 ಎಂಎಎಚ್, 50ಸಿ, ಗಟ್ಟಿ ಕವಚದ ಬ್ಯಾಟರಿ. ಪ್ಲಗ್ಗಿಗೆ ಟೇಪು. ಬಂದ ಕೂಡಲೇ ಹುಡುಗ ಕಾರಿಗೆ ಹಾಕಲಿಲ್ಲ. ಮೊದಲು ಮೀಟರಿಟ್ಟು ನೋಡಿದ. ಒಂದು ಸೆಲ್ 3.82, ಇನ್ನೊಂದು 3.83. 'ಸಮ ಉಂಟು,' ಎಂದ.

ಈಗ ಅಂಗಳದಲ್ಲಿ ಆಟ ನಡೆದ ದಿನ ಸಂಜೆ ಅಜ್ಜಿಯದ್ದೇ ಮೊದಲ ಪ್ರಶ್ನೆ: 'ಮಗಾ, ಅದನ್ನು ಮಡಕೆಗೆ ಹಾಕಿದಿಯಾ?' ಉಪ್ಪಿನಕಾಯಿ ಹಾಕುತ್ತಿದ್ದ ಹಳೆಯ ಮಡಕೆ ಅದು, ಅಜ್ಜಿಯೇ ಕೊಟ್ಟದ್ದು. ಹೊರ ಜಗಲಿಯ ಮೂಲೆಯಲ್ಲಿದೆ. ಪಕ್ಕದ ಗೋಡೆಗೆ ಹುಡುಗ ಒಂದು ಕಾಗದ ಅಂಟಿಸಿದ್ದಾನೆ. ತಾರೀಕು, ಎದುರಿಗೆ ವೋಲ್ಟ್. ಎಲ್ಲವೂ ಕನ್ನಡದಲ್ಲಿ. ಪೆಟ್ಟಿಗೆಯೊಳಗೆ ಬಂದ ಸೂಚನೆಯ ಚೀಟಿ ಇಂಗ್ಲಿಷ್, ಚೀನೀ ಭಾಷೆಗಳಲ್ಲಿ ಮಾತ್ರ ಇತ್ತು. ಮನೆಯವರೆಲ್ಲ ಓದಬಲ್ಲ ಚೀಟಿ ಈಗ ಗೋಡೆಯ ಮೇಲಿದೆ.

ಕೊಳ್ಳುವ ಮುನ್ನ ನೋಡಿ

* ವೇಗ ನಿಯಂತ್ರಕ ಎಷ್ಟು ಎಸ್ ತಾಳುತ್ತದೆ? ಅದಕ್ಕಿಂತ ಒಂದೂ ಹೆಚ್ಚು ಬೇಡ.
* ಗೂಡಿನ ಉದ್ದ, ಅಗಲ, ಎತ್ತರ ಅಳೆದಿದ್ದೀರಾ? ಪ್ಲಗ್ಗು ಯಾವುದು?
* ಎಂಎಎಚ್ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ, ಸಿ ಇಂದ ಗುಣಿಸಿ, ಅರ್ಧ ಮಾಡಿ. ಅದು ನಿಯಂತ್ರಕದ ಆಂಪಿಯರಿಗಿಂತ ಹೆಚ್ಚಿದ್ದರೆ ಸಾಕು.
* ಕಾರಿಗೆ ಗಟ್ಟಿ ಕವಚದ್ದೇ ಇರಲಿ.
* ಕೈಗೆ ಬಂದಾಗ ಸೆಲ್ಲುಗಳ ನಡುವೆ 0.05 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಯಾವುದಾದರೂ 3 ವೋಲ್ಟಿಗಿಂತ ಕೆಳಗಿದ್ದರೆ, ಊದಿದ್ದರೆ ಬಳಸದೆ ಮರಳಿಸಿ.
* ಸೆಲ್ಲುಗಳನ್ನು ಸಮಮಾಡುವ ಚಾರ್ಜರ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ, ಬ್ಯಾಟರಿ ಆಮೇಲೆ.
* ಇಂಥ ಕಾರುಗಳನ್ನು ಸಾಮಾನ್ಯವಾಗಿ 14 ವರ್ಷ ದಾಟಿದವರಿಗೆ ಎಂದು ಮಾರುತ್ತಾರೆ. ಅದಕ್ಕಿಂತ ಸಣ್ಣವರು ಆಡುವಾಗ, ಚಾರ್ಜ್ ಮಾಡುವಾಗ ದೊಡ್ಡವರು ಜೊತೆಗಿರಲಿ.